ಗೋವಾದಲ್ಲಿ ಸಂಕಿರಣವೇ? ಮೊದಲು ಗುಡ್ಡ, ಆಮೇಲೆ ಕಡಲು

ಗೋವಾದಲ್ಲಿ ವಿಚಾರ ಸಂಕಿರಣವಿದೆ, ಮೂರು ದಿನ ಓಓಡಿ (ಅನ್ಯ ಕರ್ತವ್ಯದ ಅನುಮತಿ) ಬೇಕು ಎಂದು ಅಧ್ಯಾಪಕರೊಬ್ಬರು ಅರ್ಜಿ ಹಿಡಿದು ನಿಂತರೆ ಪ್ರಾಂಶುಪಾಲರ ಮುಖದಲ್ಲಿ ಮೊದಲು ಮೂಡುವುದು ನಗು. ಪ್ರಬಂಧದ ವಿಷಯ ಏನೆಂದು ಕೇಳುವುದು ಆಮೇಲೆ. ಸ್ಟಾಫ್ ರೂಮಿನಲ್ಲಂತೂ ಆ ವಿಷಯವನ್ನು ಯಾರೂ ಕೇಳುವುದೇ ಇಲ್ಲ. ಬರುವಾಗ ಗೋಡಂಬಿ ತರುತ್ತಾರೋ ಬೇರೇನಾದರೂ ತರುತ್ತಾರೋ ಎಂಬುದಷ್ಟೇ ಅಲ್ಲಿನ ಚರ್ಚೆ. ಇದೇ ಅರ್ಜಿ ರಾಯಪುರಕ್ಕೋ ವಾರಂಗಲ್ಲಿಗೋ ಆಗಿದ್ದರೆ ಒಬ್ಬರೂ ತಲೆ ಎತ್ತುತ್ತಿರಲಿಲ್ಲ.

ನಗುವವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಗೋವಾ ವಿಶ್ವವಿದ್ಯಾಲಯ ಕಡಲ ದಂಡೆಯ ಮೇಲಿಲ್ಲ. ಪಣಜಿಯಿಂದ ಸುಮಾರು ಏಳು ಕಿಲೋಮೀಟರ್ ದೂರದ ತಾಳಗಾಂವ್ ಗುಡ್ಡದ ನೆತ್ತಿಯಲ್ಲಿ, ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ ಅದು ಹರಡಿಕೊಂಡಿದೆ. ಕೆಳಗೆ ಜುವಾರಿ ನದಿ ಸಮುದ್ರ ಸೇರುವ ಅಗಲವಾದ ಅಳಿವೆ, ಆಚೆ ದಡದಲ್ಲಿ ಮುರಗಾಂವ್ ಬಂದರು. ನೋಟ ಚೆನ್ನಾಗಿದೆ ನಿಜ. ಆದರೆ ಸಂಜೆ ಐದೂವರೆಗೆ ಕೊನೆಯ ಗೋಷ್ಠಿ ಮುಗಿಸಿ ಕೊರಳಿಗೆ ಬ್ಯಾಡ್ಜ್ ತೂಗಿಸಿಕೊಂಡು ಹೊರಬಂದವರಿಗೆ ಕಾಣುವುದು ಮರಳಲ್ಲ. ಬಿಸಿಲಿಗೆ ಕಾದ ಡಾಂಬರು ರಸ್ತೆ, ಮುಳ್ಳುಪೊದೆ, ಇನ್ನೂ ಬಾರದ ಬಸ್ಸು.

ಈ ವಿಶ್ವವಿದ್ಯಾಲಯ ಶುರುವಾದದ್ದು 1985ರ ಜೂನ್ 1ರಂದು. ಅದಕ್ಕೂ ಮೊದಲು ಗೋವಾದಲ್ಲಿ ಸ್ನಾತಕೋತ್ತರ ಪಾಠ ನಡೆಯುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯದ ಪಣಜಿ ಕೇಂದ್ರದಲ್ಲಿ. ಹೊಸ ಕ್ಯಾಂಪಸ್ಸನ್ನು ರೂಪಿಸಿದವರು ಚಿತ್ರಕಲಾವಿದ ಸತೀಶ್ ಗುಜ್ರಾಲ್. ವಾಸ್ತುಶಿಲ್ಪದ ಪದವಿ ಇಲ್ಲದೆಯೇ ದೆಹಲಿಯ ಬೆಲ್ಜಿಯಂ ರಾಯಭಾರ ಕಚೇರಿಯನ್ನು ಕಟ್ಟಿ ಹೆಸರಾದವರು ಅವರು. ನಾನೂರು ಎಕರೆಗೂ ಮಿಕ್ಕಿದ ಜಾಗವಿರುವುದರಿಂದ ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ನಡುವೆ ನಡೆಯಲು ಬೇಕಾದಷ್ಟಿದೆ. ಉದ್ಘಾಟನೆ ಒಂದು ಕಡೆ, ಸಮಾನಾಂತರ ಗೋಷ್ಠಿ ಇನ್ನೊಂದು ಕಡೆ ಇದ್ದರೆ ಹೊಸ ಚರ್ಮದ ಶೂ ಹಾಕಿಕೊಂಡವರ ಪಾಡು ಮಧ್ಯಾಹ್ನದ ಹೊತ್ತಿಗೆ ತಿಳಿಯುತ್ತದೆ. ಇದೇ ಆವರಣದಲ್ಲಿರುವ ಶ್ಯಾಮಾಪ್ರಸಾದ್ ಮುಖರ್ಜಿ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಸಮಾರಂಭಗಳು ನಡೆದಿವೆ. ಅಂಥ ದಿನಗಳಲ್ಲಿ ಗುಡ್ಡದ ರಸ್ತೆಗಳ ಕಥೆಯೇ ಬೇರೆ.

ಗೋವಾಕ್ಕೆ ವಿದ್ವಾಂಸರು ಕೂಡಿಬರುವುದು ಪ್ರವಾಸೋದ್ಯಮದ ಕೃಪೆಯಿಂದ ಮಾತ್ರ ಎಂದುಕೊಳ್ಳುವುದೂ ಸರಿಯಲ್ಲ. ಹಿಂದೂ ಮಹಾಸಾಗರದ ಅಂತರರಾಷ್ಟ್ರೀಯ ಅನ್ವೇಷಣೆ ಮುಗಿದ ಬೆನ್ನಿಗೇ, 1966ರ ಜನವರಿ 1ರಂದು ಹುಟ್ಟಿದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ವಿಶ್ವವಿದ್ಯಾಲಯಕ್ಕೆ ಸಮೀಪದ ದೋನಾಪಾವ್ಲಾದಲ್ಲಿದೆ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರಿನಲ್ಲಿ ಹಡಗು ಹತ್ತಿದ್ದು ಗೋವಾದಿಂದ. ಆ ತಂಡದ ನಾಯಕ ಎಸ್.ಜೆಡ್. ಖಾಸಿಂ ಇದೇ ಸಂಸ್ಥೆಯ ನಿರ್ದೇಶಕರಾಗಿದ್ದವರು. 1993ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ಗೋವಾದಲ್ಲಿ ಸೇರಿದಾಗ ಅದರ ಅಧ್ಯಕ್ಷರೂ ಅವರೇ. ಗುರುತ್ವ ಮತ್ತು ವಿಶ್ವವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ 2011ರಲ್ಲಿ, ಭಾರತ ಅಂತರರಾಷ್ಟ್ರೀಯ ವಿಜ್ಞಾನ ಉತ್ಸವ 2021ರಲ್ಲಿ ಇಲ್ಲಿಗೆ ಬಂದವು. ಜುವಾರಿಯ ಆಚೆ ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಜುವಾರಿನಗರದಲ್ಲಿ ಬಿಟ್ಸ್ ಪಿಲಾನಿಯ ಕ್ಯಾಂಪಸ್. ಹಾಗಾಗಿ ಆಹ್ವಾನ ಪತ್ರ ಬಂದಾಗ ಮೊದಲು ನೋಡಬೇಕಾದದ್ದು ಸಂಕಿರಣ ನದಿಯ ಯಾವ ದಡದಲ್ಲಿದೆ ಎಂಬುದನ್ನು. ‘ಗೋವಾ’ ಎಂದಷ್ಟೇ ಓದಿಕೊಂಡು ಕೊಠಡಿ ಕಾದಿರಿಸಿದವರು ದಿನಾ ಬೆಳಿಗ್ಗೆ ನದಿ ದಾಟಬೇಕಾಗುತ್ತದೆ.

ಹೋಟೆಲಿನ ವಿಚಾರದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಕಲಂಗುಟ್, ಬಾಗಾ ಕಡೆ ಕೊಠಡಿ ಅಗ್ಗವಾಗಿ ಸಿಕ್ಕಿತು, ಸಮುದ್ರವೂ ಕಾಲಡಿಯಲ್ಲೇ ಇದೆ ಎಂದು ಹಿಗ್ಗುತ್ತಾರೆ. ಆದರೆ ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಪರ್ವರಿಯ ದಟ್ಟಣೆ ದಾಟಿ, ಮಾಂಡೋವಿ ಸೇತುವೆ ದಾಟಿ, ಪಣಜಿಯನ್ನು ಬಳಸಿ ಬರಬೇಕು. ಒಂಬತ್ತೂವರೆಯ ಗೋಷ್ಠಿಗೆ ಪ್ರಬಂಧ ಮಂಡಿಸುವವರು ಎಂಟಕ್ಕೆಲ್ಲ ಹೊರಟಿರಬೇಕು. ದಕ್ಷಿಣದ ಕೋಲ್ವಾ ಇನ್ನೂ ದೂರ. ದೋನಾಪಾವ್ಲಾ, ಕರಂಜಾಳೆ, ಮಿರಾಮಾರ್, ತಾಳಗಾಂವ್, ಪಣಜಿ ಪೇಟೆ, ಇಷ್ಟರೊಳಗೆ ಎಲ್ಲಿ ಉಳಿದರೂ ಬದುಕು ಸುಲಭ. ವಿಶ್ವವಿದ್ಯಾಲಯದ ಅತಿಥಿಗೃಹದ ಕೊಠಡಿಗಳು ಬೇಗ ತುಂಬುವುದರಿಂದ ನೋಂದಣಿ ಮಾಡಿದ ದಿನವೇ ಸಂಘಟಕರಿಗೆ ಹೇಳಿಟ್ಟರೆ ಒಳ್ಳೆಯದು. ದೋನಾಪಾವ್ಲಾ ದಾರಿಯ ಇಂಟರ್‌ನ್ಯಾಷನಲ್ ಸೆಂಟರ್ ಗೋವಾದಲ್ಲೂ ತಂಗುವ ಕೊಠಡಿಗಳಿವೆ. ಎಷ್ಟೋ ಸಲ ಸಂಕಿರಣವೇ ಅಲ್ಲಿ ನಡೆಯುತ್ತದೆ.

ಯಾವಾಗ ಎಂಬುದು ಸಾಮಾನ್ಯವಾಗಿ ಸಂಘಟಕರ ಕೈಯಲ್ಲಿರುತ್ತದೆ. ಆದರೂ ಪಂಚಾಂಗ ತಿಳಿದಿರಬೇಕು. ನವೆಂಬರ್ ಕೊನೆಯಲ್ಲಿ ಚಿತ್ರೋತ್ಸವ, ಡಿಸೆಂಬರ್ 3ರಂದು ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ, ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ದೇಶವೇ ಅಲ್ಲಿ, ಫೆಬ್ರವರಿ ಸುಮಾರಿಗೆ ಕಾರ್ನಿವಲ್. ಈ ದಿನಗಳಲ್ಲಿ ಕೊಠಡಿಯ ದರ ಕೇಳಿದರೆ ಕಾಲೇಜಿನ ಟಿಎ ಬಿಲ್ಲು ನಾಚಿಕೊಳ್ಳುತ್ತದೆ. ಜನವರಿಯ ಎರಡನೇ ವಾರದಿಂದ ಪರಿಸ್ಥಿತಿ ಕೊಂಚ ಸಡಿಲವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೊಠಡಿ ಅಗ್ಗ, ಗುಡ್ಡ ಹಸಿರು, ಮಳೆ ಮಾತ್ರ ಕರಾವಳಿಯ ಮಳೆ.

ಆ ಮಳೆಯ ವಿಚಾರ ಕನ್ನಡನಾಡಿನಿಂದ ಹೊರಡುವವರಿಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. 2024ನ್ನೇ ನೆನೆದುಕೊಳ್ಳಿ. ಜುಲೈ ಎರಡನೇ ವಾರ ಗೋವಾದ ಪೆರ್ನೆಮ್ ಬಳಿಯ ಸುರಂಗದಲ್ಲಿ ನೀರು ಉಕ್ಕಿ ಕೊಂಕಣ ರೈಲು ನಿಂತಿತು. ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಅಲ್ಲಿ ಜೀವಗಳೇ ಹೋದವು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಒಂದೇ ತಿಂಗಳಿನ ಆಸುಪಾಸಿನಲ್ಲಿ ಇಷ್ಟೂ ನಡೆದವು. ಘಟ್ಟದ ಕಡೆಯ ದಾರಿಯೂ ಹಾಗೆಯೇ. 2021ರ ಜುಲೈನಲ್ಲಿ ದೂಧಸಾಗರ ಮತ್ತು ಸೊನಾವಳಿ ನಿಲ್ದಾಣಗಳ ನಡುವೆ ಮಣ್ಣು ಜರಿದು ರೈಲು ಹಳಿ ತಪ್ಪಿತ್ತು. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಪ್ರತ್ಯೇಕ ವೇಳಾಪಟ್ಟಿಯೇ ಇರುತ್ತದೆ, ಗಾಡಿಗಳ ವೇಗ ತಗ್ಗಿಸಲಾಗುತ್ತದೆ. ಮೊದಲ ದಿನವೇ ಪ್ರಬಂಧ ಇದ್ದವರು ಹಿಂದಿನ ದಿನ ಮಧ್ಯಾಹ್ನದೊಳಗೆ ಗೋವಾ ಮುಟ್ಟುವಂತೆ ಹೊರಡುವುದು ಕ್ಷೇಮ. ಬೆಳಗಿನ ಜಾವ ತಲುಪುವ ರಾತ್ರಿ ಬಸ್ಸನ್ನು ನಂಬಿ ನೇರವಾಗಿ ವೇದಿಕೆ ಹತ್ತುತ್ತೇನೆ ಎನ್ನುವ ಧೈರ್ಯ ಜುಲೈ ತಿಂಗಳಿಗೆ ಹೇಳಿ ಮಾಡಿಸಿದ್ದಲ್ಲ.

ದಾರಿಗಳಿಗೇನೂ ಬರವಿಲ್ಲ. ಬೆಂಗಳೂರಿನ ಯಶವಂತಪುರದಿಂದ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ವಾಸ್ಕೋಗೆ ರೈಲಿದೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಮಡಗಾಂವ್. 2023ರ ಡಿಸೆಂಬರ್ 30ರಂದು ಚಾಲನೆ ಪಡೆದ ಮಂಗಳೂರು–ಮಡಗಾಂವ್ ವಂದೇ ಭಾರತ್ ಕೂಡ ಅಲ್ಲಿಗೇ ಬರುತ್ತದೆ. ಪಣಜಿಗೆ ಹತ್ತಿರದ ರೈಲು ನಿಲ್ದಾಣ ಹಳೆ ಗೋವಾದ ಪಕ್ಕದ ಕರಮಳಿ, ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಬೆಳಗಾವಿಯವರಿಗೆ ಚೋರ್ಲಾ ಘಾಟಿ ಹತ್ತಿರದ ದಾರಿ, ಹುಬ್ಬಳ್ಳಿ–ಧಾರವಾಡದವರು ರಾಮನಗರ, ಅನಮೋಡ ಮೇಲೆ ಇಳಿಯುತ್ತಾರೆ. ವಿಮಾನದವರು ಟಿಕೆಟ್ಟಿನ ಮೇಲಿನ ನಿಲ್ದಾಣದ ಹೆಸರನ್ನು ಎರಡು ಸಲ ಓದಬೇಕು. ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣಗಳಿವೆ. ನೌಕಾಪಡೆಯ ಹಳೆಯ ದಾಬೋಳಿ ದಕ್ಷಿಣದಲ್ಲಿ. 2023ರ ಜನವರಿಯಿಂದ ಹಾರಾಟ ಶುರುವಾದ ಮೋಪಾದ ಮನೋಹರ್ ನಿಲ್ದಾಣ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿಯ ಹತ್ತಿರ. ತಾಳಗಾಂವ್ ಗುಡ್ಡಕ್ಕೆ ದಾಬೋಳಿಯೇ ಸಮೀಪ. ಬರುವಾಗ ದಾಬೋಳಿ, ಹೋಗುವಾಗ ಮೋಪಾ ಎಂದು ಟಿಕೆಟ್ ಮಾಡಿಸಿಕೊಂಡು, ಹೊರಡುವ ದಿನ ಅಭ್ಯಾಸಬಲದಿಂದ ದಾಬೋಳಿಗೆ ಹೋಗಿ ನಿಂತರೆ ಆ ವಿಮಾನವನ್ನು ಮರೆಯಬೇಕಾದದ್ದೇ.

ದಾಬೋಳಿ, ವಾಸ್ಕೋ, ಮಡಗಾಂವ್ ಯಾವ ಕಡೆಯಿಂದ ಬಂದರೂ ದಾಟಬೇಕಾದದ್ದು ಜುವಾರಿ ಸೇತುವೆ. ಕುಠ್ಠಾಳಿಗೂ ಆಗಶಿಗೂ ನಡುವಿನ ಹಳೆಯ ಸೇತುವೆಯ ಮೇಲೆ ಗಂಟೆಗಟ್ಟಲೆ ಸಿಕ್ಕಿಕೊಂಡ ಕಥೆ ಗೋವಾ ಕಂಡ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಕೇಬಲ್ಲುಗಳ ಹೊಸ ಸೇತುವೆಯ ಒಂದು ಭಾಗ 2022ರ ಡಿಸೆಂಬರಿನಲ್ಲಿ, ಇನ್ನೊಂದು ಮರುವರ್ಷದ ಡಿಸೆಂಬರಿನಲ್ಲಿ ತೆರೆದುಕೊಂಡ ಮೇಲೆ ಆ ಕಾಟ ತಪ್ಪಿತು. ಬಿಟ್ಸ್‌ನ ಗೋಷ್ಠಿಗೂ ವಿಶ್ವವಿದ್ಯಾಲಯದ ಗೋಷ್ಠಿಗೂ ಒಂದೇ ದಿನ ಹೋಗಿಬರುವುದು ಈಗ ಆಗುವ ಮಾತು.

ಊರೊಳಗೆ ಓಡಾಡುವುದು ಹೇಗೆ? ಬೆಂಗಳೂರಿನವರು ಮೊದಲು ಮೊಬೈಲ್ ತೆಗೆದು ಓಲಾ, ಊಬರ್ ಹುಡುಕುತ್ತಾರೆ. ಗೋವಾದಲ್ಲಿ ಅವು ಓಡುವುದಿಲ್ಲ. ಸ್ಥಳೀಯ ಟ್ಯಾಕ್ಸಿಯವರ ವಿರೋಧ ಅಲ್ಲಿ ಗಟ್ಟಿ. 2018ರಲ್ಲಿ ಬಂದ ಗೋವಾಮೈಲ್ಸ್ ಎಂಬ ಆ್ಯಪ್ ಇದೆ, ಅದರ ಮೇಲೂ ಜಗಳ ಇದ್ದೇ ಇದೆ. ಕೆಲವು ಕಡೆ ಕಾರು ಬರಲು ತಡವಾಗುತ್ತದೆ, ಇನ್ನು ಕೆಲವು ಕಡೆ ಹೋಟೆಲಿನ ಮುಂದೆ ಬಂದು ಹತ್ತಿಸಿಕೊಳ್ಳಲು ಚಾಲಕರೇ ಹಿಂಜರಿಯುತ್ತಾರೆ. ವಿಮಾನ ನಿಲ್ದಾಣದಲ್ಲಾದರೆ ಪ್ರೀಪೇಯ್ಡ್ ಕೌಂಟರಿನ ಟ್ಯಾಕ್ಸಿ ನೆಮ್ಮದಿ, ರಸೀದಿಯೂ ಸಿಗುತ್ತದೆ.

ಇನ್ನು ‘ಪೈಲಟ್’. ವಿಮಾನದವನಲ್ಲ, ಮೋಟಾರ್‌ಸೈಕಲ್ ಟ್ಯಾಕ್ಸಿಯವನು. ಮುಂಚಕ್ರದ ಮೇಲೆ ಹಳದಿ ಮಡ್‌ಗಾರ್ಡ್ ಇರುವ ಬೈಕು ಬಸ್ ನಿಲ್ದಾಣದ ಬಳಿ ಕಂಡರೆ ಅದೇ. ಬೇರೆ ಊರುಗಳಲ್ಲಿ ಬೈಕ್ ಟ್ಯಾಕ್ಸಿ ಕಾನೂನುಬದ್ಧವೋ ಅಲ್ಲವೋ ಎಂದು ನ್ಯಾಯಾಲಯಗಳಲ್ಲಿ ವಾದ ನಡೆಯುವ ಎಷ್ಟೋ ವರ್ಷ ಮೊದಲೇ ಗೋವಾದಲ್ಲಿ ಇದು ಲೈಸೆನ್ಸಿನ ವೃತ್ತಿ. ಒಬ್ಬರೇ ಇದ್ದು, ಹೆಗಲಿಗೊಂದು ಬ್ಯಾಗ್ ಮಾತ್ರ ಇದ್ದರೆ ಗುಡ್ಡ ಹತ್ತಲು ಇದಕ್ಕಿಂತ ಚುರುಕಾದ ವ್ಯವಸ್ಥೆ ಇಲ್ಲ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು, ರಸೀದಿ ಮಾತ್ರ ಕೇಳಬಾರದು. ಸ್ಕೂಟರ್ ಬಾಡಿಗೆಗೆ ಪಡೆಯುವವರು ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಗಾಡಿಯನ್ನೇ ಕೇಳಿ ಪಡೆಯಬೇಕು. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುವುದು ಅಕ್ರಮ, ಪೊಲೀಸರು ಹಿಡಿದಾಗ ದಂಡದ ಮಾತು ಸವಾರನ ತಲೆಗೂ ಬರುತ್ತದೆ. ಹೆಲ್ಮೆಟ್ ಹಾಕಲೇಬೇಕು, ಕೆಎ ನೋಂದಣಿಯ ಕಾರಿನಲ್ಲಿ ಹೋದವರು ಕಾಗದಪತ್ರಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು.

ಬಸ್ಸನ್ನು ಕೀಳಾಗಿ ಕಾಣುವ ಕಾರಣವಿಲ್ಲ. ಗೋವಾದ ಸರ್ಕಾರಿ ಸಾರಿಗೆ ನಿಗಮದ ಹೆಸರು ಕದಂಬ. ಬನವಾಸಿಯ ಮನೆತನದ ಕವಲಾಗಿ ಗೋವಾವನ್ನು ಆಳಿದ ಕದಂಬರ ಹೆಸರೂ ಅವರ ಸಿಂಹವೂ ಬಸ್ಸಿನ ಮೈಮೇಲಿವೆ, ಕನ್ನಡಿಗರಿಗೆ ಅಷ್ಟರಿಂದಲೇ ಅರ್ಧ ಪರಿಚಯ ಆದಂತೆ. ಮಡಗಾಂವ್–ಪಣಜಿ, ವಾಸ್ಕೋ–ಪಣಜಿ ನಡುವೆ ಸಾಮಾನ್ಯವಾಗಿ ಎಲ್ಲೂ ನಿಲ್ಲದ ಶಟಲ್ ಬಸ್ಸುಗಳಿವೆ. ಸಾಲಿನಲ್ಲಿ ನಿಂತು ಕೌಂಟರಿನಲ್ಲಿ ಟಿಕೆಟ್ ಪಡೆದೇ ಹತ್ತಬೇಕು. ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಬಳಿ ಇಳಿದರೆ ದಾರಿ ಉಳಿಯುತ್ತದೆ, ಆದರೆ ಶಟಲ್ ಅಲ್ಲಿ ನಿಲ್ಲಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಪಣಜಿಗೇ ಹೋಗಿ ಮರಳಿ ಬರಬೇಕಾಗುತ್ತದೆ. ಪಣಜಿ ಪೇಟೆಯಲ್ಲಿ ಈಗ ಕದಂಬದ ಎಲೆಕ್ಟ್ರಿಕ್ ಬಸ್ಸುಗಳೂ ಓಡಾಡುತ್ತವೆ. ಸಂಜೆ ಕತ್ತಲಾದ ಮೇಲೆ ಬಸ್ಸುಗಳ ನಡುವಿನ ಅಂತರ ಹೆಚ್ಚುತ್ತದೆ. ಆದ್ದರಿಂದ ಸಂಘಟಕರು ಹೋಟೆಲುಗಳಿಗೆ ಬಸ್ಸಿನ ವ್ಯವಸ್ಥೆ ಮಾಡಿದ್ದಾರೆಯೇ ಎಂಬುದು ಊಟದ ಮೆನುವಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ. ಗುಡ್ಡದ ಮೇಲಿನ ಸಂಕಿರಣ ಗೆಲ್ಲುವುದೂ ಸೋಲುವುದೂ ಆ ಬಸ್ಸಿನಲ್ಲೇ.

ಇಷ್ಟೆಲ್ಲ ಸಿದ್ಧತೆಗೂ ಮೊದಲು ಇನ್ನೊಂದು ಪರೀಕ್ಷೆ ಇದೆ. ಸಂಕಿರಣ ನಿಜವಾದದ್ದೇ? ಗೋವಾ, ಬಾಲಿ, ಬ್ಯಾಂಕಾಕ್ ಎಂಬ ಹೆಸರುಗಳನ್ನು ಬಲೆಗೆ ಕಟ್ಟಿ ಪ್ರಾಧ್ಯಾಪಕರನ್ನು ಹಿಡಿಯುವ ದಂಧೆ ಜಗತ್ತಿನಾದ್ಯಂತ ಇದೆ. ಹೈದರಾಬಾದ್ ಮೂಲದ ಓಮಿಕ್ಸ್ ಎಂಬ ಪ್ರಕಾಶನ ಮತ್ತು ಸಮ್ಮೇಳನ ಕಂಪನಿ, ಒಪ್ಪಿಗೆ ಕೊಡದ ವಿಜ್ಞಾನಿಗಳ ಹೆಸರನ್ನೂ ಬಳಸಿ ಜನರನ್ನು ಸೆಳೆದಿತ್ತು ಎಂಬುದು ಅಮೆರಿಕದ ವ್ಯಾಪಾರ ಆಯೋಗದ ದೂರಾಗಿತ್ತು. 2019ರಲ್ಲಿ ಅಲ್ಲಿನ ನ್ಯಾಯಾಲಯ ಐದು ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟುವಂತೆ ಆದೇಶಿಸಿತು. ನಮ್ಮಲ್ಲಿ ಯುಜಿಸಿ ಮಾನ್ಯ ನಿಯತಕಾಲಿಕಗಳ ತನ್ನ ಕೇರ್ ಪಟ್ಟಿಯನ್ನು 2025ರ ಆರಂಭದಲ್ಲಿ ಕೈಬಿಟ್ಟ ಮೇಲೆ, ಪ್ರಬಂಧ ಅಚ್ಚಾಗುವ ಯಾವ ನಿಯತಕಾಲಿಕ ಒಳ್ಳೆಯದು, ಯಾವುದು ಪೊಳ್ಳು ಎಂದು ತೀರ್ಮಾನಿಸುವ ಹೊರೆ ಕಾಲೇಜು ಮತ್ತು ಅಧ್ಯಾಪಕರ ಮೇಲೇ ಬಿದ್ದಿದೆ.

ಪೊಳ್ಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ವಾಣಿಜ್ಯ, ಯೋಗ, ಯಂತ್ರಕಲಿಕೆ, ಮೀನುಗಾರಿಕೆ ನಾಲ್ಕೂ ಒಂದೇ ಸಂಕಿರಣದ ವಿಷಯವಾಗಿದ್ದರೆ ಅಲ್ಲೇ ಅನುಮಾನ ಪಡಬೇಕು. ಸಾರಾಂಶ ಕಳಿಸಿದ ಮರುದಿನವೇ ‘ಸ್ವೀಕೃತ’ ಎಂದು ಪತ್ರ ಬಂದರೆ ಇನ್ನಷ್ಟು. ಗೋವಾ ವಿಶ್ವವಿದ್ಯಾಲಯದ ಹೆಸರು ಹಾಕಿದ್ದರೆ ಆ ವಿಭಾಗಕ್ಕೇ ಒಂದು ಇಮೇಲ್ ಬರೆದು ಸಂಚಾಲಕರು ಯಾರೆಂದು ಕೇಳಬಹುದು. ನೋಂದಣಿ ಶುಲ್ಕ ಯಾವ ಖಾತೆಗೆ ಹೋಗುತ್ತದೆ ಎಂಬುದು ಎಲ್ಲಕ್ಕಿಂತ ಸ್ಪಷ್ಟವಾದ ಸುಳಿವು. ಸಂಸ್ಥೆಯ ಖಾತೆ ಬಿಟ್ಟು ಯಾರದೋ ಯುಪಿಐ ನಂಬರು ಕೊಟ್ಟರೆ ಆ ದುಡ್ಡಿನಲ್ಲಿ ಮನೆಮಂದಿಯನ್ನು ಕರೆದುಕೊಂಡು ಗೋವಾ ನೋಡಿಬರುವುದು ವಾಸಿ.

ವಿದೇಶದಿಂದ ಬರುವವರಿಗೆ ಪ್ರವಾಸಿ ವೀಸಾ ಸಲ್ಲದು, ಸಮ್ಮೇಳನಕ್ಕೆಂದೇ ಬೇರೆ ವೀಸಾ ಇದೆ. ಅದಕ್ಕೆ ಸಂಘಟಕರ ಆಹ್ವಾನ ಪತ್ರದ ಜೊತೆ ಕೇಂದ್ರ ಸರ್ಕಾರದ ಅನುಮತಿಗಳೂ ಬೇಕಾಗುವುದರಿಂದ ತಿಂಗಳುಗಳ ಮೊದಲೇ ಕೆಲಸ ಶುರುವಾಗಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಸಂಶೋಧಕರು ಓಸಿಐ ಕಾರ್ಡ್ ಇದ್ದರೆ ಈ ತಾಪತ್ರಯದಿಂದ ಬಹುಮಟ್ಟಿಗೆ ಪಾರು.

ಗುಡ್ಡದ ಮೇಲಿನ ದಿನಚರಿಗೆ ಬರೋಣ. ತಾಳಗಾಂವ್ ಅಥವಾ ಕರಂಜಾಳೆಯಲ್ಲಿ ಉಳಿದವರನ್ನು ಬೆಳಿಗ್ಗೆ ಎಬ್ಬಿಸುವುದು ಪೋದೇರನ, ಅಂದರೆ ಬ್ರೆಡ್ ಮಾರುವವನ ಹಾರ್ನು. ಸೈಕಲ್ಲಿನ ಹಿಂದೆ ಬಿದಿರಿನ ದೊಡ್ಡ ಬುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹ್ಯಾಂಡಲ್ಲಿಗೆ ಕಟ್ಟಿದ ರಬ್ಬರ್ ಹಾರ್ನು. ಹೊದಿಕೆ ಸರಿಸಿದರೆ ಒಳಗಿಂದ ಬಿಸಿ ಹಬೆ; ಮೆತ್ತನೆಯ ಪಾವ್ ಒಂದು ಪಕ್ಕ, ಮೈಮೇಲೆ ಗೋಧಿಯ ತವುಡು ಅಂಟಿದ, ನಡುವೆ ಪೊಳ್ಳಾಗಿ ಉಬ್ಬಿದ ಪೊಯಿ ಇನ್ನೊಂದು ಪಕ್ಕ. ಪಣಜಿಯ ಕೆಫೆ ಭೋಸ್ಲೆ, ಕೆಫೆ ತಾತೋಗಳಲ್ಲಿ ಇದೇ ಪಾವಿನ ಜೊತೆ ಪಾತಳ ಭಾಜಿ ಕೊಡುತ್ತಾರೆ. ಮಂಗಳೂರಿನವರಿಗೆ ಬನ್ಸ್ ಕೂಡ ಸಿಗುತ್ತದೆ. ಮಧ್ಯಾಹ್ನದ ಮೀನೂಟದಲ್ಲಿ ಅನ್ನ, ಹುಮಣ್ ಎಂಬ ಮೀನಿನ ಸಾರು, ರವೆ ಹಚ್ಚಿ ಹುರಿದ ಮೀನು, ಸೋಲ್‌ಕಡಿ. ಕುಂದಾಪುರ, ಕಾರವಾರದವರಿಗೆ ಮನೆಯೂಟದ ನೆಂಟಸ್ತಿಕೆ ಗೊತ್ತಾಗುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಟ್ಟೆಯಲ್ಲಿ ಮೀನು ಚಿಕ್ಕದಾಗುತ್ತದೆ, ಬಿಲ್ಲು ದೊಡ್ಡದಾಗುತ್ತದೆ. ಸಸ್ಯಾಹಾರಿಗಳಿಗೆ ಚಿಂತೆ ಬೇಡ, ಪಣಜಿಯಲ್ಲಿ ಉಡುಪಿ ಮಾದರಿಯ ಹೋಟೆಲುಗಳಿವೆ. ಮಾರುಕಟ್ಟೆಯ ತರಕಾರಿಯಲ್ಲಿ ಬಹುಪಾಲು ಬೆಳಗಾವಿಯಿಂದಲೇ ಘಟ್ಟ ಇಳಿದು ಬಂದದ್ದು.

ಭಿತ್ತಿಪತ್ರ ಪ್ರದರ್ಶಿಸುವ ಸಂಶೋಧನಾ ವಿದ್ಯಾರ್ಥಿಗಳು ಅದನ್ನು ಊರಲ್ಲೇ ಮುದ್ರಿಸಿಕೊಂಡು ಬರುವುದು ಮೇಲು. ಗುಡ್ಡದ ಆಸುಪಾಸಿನಲ್ಲಿ ದೊಡ್ಡ ಅಳತೆಯ ಮುದ್ರಣದ ಅಂಗಡಿ ಹುಡುಕುವುದು ಸುಲಭವಲ್ಲ. ಪಣಜಿಗೆ ಓಡಿದರೂ ಮಧ್ಯಾಹ್ನ ಒಂದರಿಂದ ಮೂರೂವರೆಯ ತನಕ ಎಷ್ಟೋ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಊಟ ಮಾಡಿ ಒಂದು ಗಳಿಗೆ ಮಲಗುವ ಹಕ್ಕನ್ನು ಅಲ್ಲಿನ ವ್ಯಾಪಾರಿಗಳು ಇನ್ನೂ ಬಿಟ್ಟುಕೊಟ್ಟಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ತೂಕಡಿಸುವ ವಿದ್ವಾಂಸರಾದರೂ ಅವರನ್ನು ಆಡಿಕೊಳ್ಳುವಂತಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಕಾಗದದ ಪೋಸ್ಟರು ಸುರುಳಿ ಸುತ್ತಿಕೊಳ್ಳುತ್ತದೆ. ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು, ಸ್ಲೀಪರ್ ಬಸ್ಸಿನ ಕಂಡಕ್ಟರ್ ಜೊತೆ ಉದ್ದನೆಯ ಕೊಳವೆಗಾಗಿ ಜಗಳವೂ ತಪ್ಪುತ್ತದೆ. ಆರೋಗ್ಯ ಕೆಟ್ಟರೆ ಗೋವಾ ಮೆಡಿಕಲ್ ಕಾಲೇಜು ಕೂಗಳತೆಯಲ್ಲಿದೆ. ಪೋರ್ಚುಗೀಸರು 1842ರಲ್ಲಿ ಸ್ಥಾಪಿಸಿದ ವೈದ್ಯಕೀಯ ಶಾಲೆಯ ಮುಂದುವರಿಕೆ ಅದು.

ಚಹಾ ವಿರಾಮದ ಬಗ್ಗೆ ಒಂದು ಮಾತು. ಪಣಜಿಯ ಪಕ್ಕದಲ್ಲಿ ಹರಿಯುವ ಮಾಂಡೋವಿ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿದ ಮೇಲೂ ಗೋವಾ–ಕರ್ನಾಟಕದ ವಿವಾದ ಆರಿಲ್ಲ. ಸಂಕಿರಣ ಜಲವಿಜ್ಞಾನದ್ದಾಗಿದ್ದರೆ ಅಂಕಿಅಂಶ ಹಿಡಿದು ಮಾತಾಡಬಹುದು. ಅಲ್ಲದಿದ್ದರೆ ಎರಡನೇ ಬಿಸ್ಕತ್ತು ಮುಗಿಯುವವರೆಗಾದರೂ ಕಾಯುವುದು ಲೇಸು. ಭಾಷೆಯದು ಅಂಥ ತೊಡಕೇನಿಲ್ಲ. 2011ರ ಜನಗಣತಿಯಲ್ಲಿ ಗೋವಾದ ನೂರು ಮಂದಿಯಲ್ಲಿ ನಾಲ್ಕೈದು ಮಂದಿ ಕನ್ನಡ ಮಾತೃಭಾಷೆ ಎಂದು ಬರೆಸಿದ್ದರು. ವಾಸ್ಕೋ, ಜುವಾರಿನಗರಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ದುಡಿಯುವ ಕುಟುಂಬಗಳ ಕನ್ನಡ ಬೀದಿಯಲ್ಲೇ ಕೇಳುತ್ತದೆ.

ಇನ್ನು ಕಡಲು. ವಿಶ್ವವಿದ್ಯಾಲಯಕ್ಕೆ ಹತ್ತಿರದ ದೋನಾಪಾವ್ಲಾ ‘ಏಕ್ ದೂಜೇ ಕೇ ಲಿಯೇ’ ಸಿನಿಮಾದ ಕಾಲದಿಂದ ಪ್ರವಾಸಿಗರ ಜಾತ್ರೆ; ಅದು ಜೆಟ್ಟಿ, ಈಜುವ ಜಾಗವಲ್ಲ. ನಡೆದಾಡಲು ಮಿರಾಮಾರ್, ಕರಂಜಾಳೆ ಚೆನ್ನ. ಮಿರಾಮಾರ್ ಮಾಂಡೋವಿಯ ಬಾಯಲ್ಲೇ ಇರುವುದರಿಂದ ಸೆಳೆತ ಮೋಸ ಮಾಡುತ್ತದೆ. ಜೀವರಕ್ಷಕರು ಕೆಂಪು ಬಾವುಟ ನೆಟ್ಟಲ್ಲಿ ಇಳಿಯಬಾರದು, ಕೆಂಪು–ಹಳದಿ ಬಾವುಟಗಳ ನಡುವೆ ಇಳಿಯಬಹುದು. ಕತ್ತಲಾದ ಮೇಲೆ ಅವರು ಇರುವುದಿಲ್ಲ, ಮಳೆಗಾಲದಲ್ಲಿ ಈಜಿನ ಮಾತೇ ಬೇಡ. ತೀರದಲ್ಲಿ ಕುಡಿಯುವುದಕ್ಕೂ ಅಡುಗೆ ಮಾಡುವುದಕ್ಕೂ ದಂಡವಿದೆ. ಸ್ಟಾಫ್ ರೂಮಿನ ಬೇಡಿಕೆ ತೀರಿಸಲು ಬಾಟಲಿ ಕಟ್ಟಿಕೊಳ್ಳುವವರು ಮಾಜಾಳಿ, ಅನಮೋಡ, ಕಣಕುಂಬಿಗಳಲ್ಲಿ ಕರ್ನಾಟಕ ಅಬಕಾರಿ ಇಲಾಖೆಯವರು ಬಸ್ಸು ಹತ್ತಿ ಚೀಲ ತೆರೆಸುತ್ತಾರೆ ಎಂಬುದನ್ನು ಮರೆಯದಿರಲಿ. ಪತ್ರಿಕೆಯ ‘ಜಿಲ್ಲಾ ಸುದ್ದಿ’ ಪುಟದಲ್ಲಿ ಹೆಸರು ಬರಲು ಪ್ರಾಧ್ಯಾಪಕರಿಗೆ ಬೇರೆ ದಾರಿಗಳಿವೆ.

ಒಂದು ದಿನ ಕೈಯಲ್ಲಿ ಉಳಿದರೆ ಅದನ್ನು ಬಾಗಾ ಬೀಚಿಗೆ ಕೊಡುವುದು, ಕನಿಷ್ಠ ಮಾನವಿಕ ವಿಷಯಗಳವರ ಮಟ್ಟಿಗೆ, ದಂಡ. ಪಣಜಿಯ ಕದಂಬ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ಪಾಟೊದಲ್ಲಿ, ಕೃಷ್ಣದಾಸ್ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯವಿದೆ. 1832ರಲ್ಲಿ ಶುರುವಾದ ಇದು ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು. ಗೋವಾ ಪತ್ರಾಗಾರದ ಮೂಲ 1595ಕ್ಕೆ ಹೋಗುತ್ತದೆ. ಹೊನ್ನಾವರ, ಬಸರೂರು, ಮಂಗಳೂರುಗಳ ಅಕ್ಕಿ ಮೆಣಸಿನ ವ್ಯಾಪಾರ, ಇಕ್ಕೇರಿಯ ನಾಯಕರೊಡನೆ ಪೋರ್ಚುಗೀಸರ ಜಗಳ ಮತ್ತು ಒಪ್ಪಂದಗಳು, ಇವುಗಳ ಒಂದು ದೊಡ್ಡ ಪಾಲು ಇಲ್ಲಿನ ಪೋರ್ಚುಗೀಸ್ ಕಡತಗಳಲ್ಲಿದೆ. ಅವುಗಳಲ್ಲಿ ಮುಳುಗಿ ಎದ್ದು ಗೋವಾ ಮತ್ತು ಕೆನರಾದ 1498ರಿಂದ 1763ರವರೆಗಿನ ಸಂಬಂಧದ ಬಗ್ಗೆ ಗ್ರಂಥ ಬರೆದವರು ಬಿ.ಎಸ್. ಶಾಸ್ತ್ರಿ. ಗೋವಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿದ್ದ ಅವರ ಪೂರ್ಣ ಹೆಸರು ಭಾಗಮಂಡಲ ಸೀತಾರಾಮ ಶಾಸ್ತ್ರಿ. ಇತ್ತ ದೋನಾಪಾವ್ಲಾದ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಕಡಲಾಳದ ಪುರಾತತ್ವ ಶೋಧವನ್ನು 1981ರಿಂದ ಕಟ್ಟಿ ಬೆಳೆಸಿ, ದ್ವಾರಕೆಯ ನೀರಿಗಿಳಿದವರು ಶಿಕಾರಿಪುರ ರಂಗನಾಥ ರಾವ್. ಎರಡೂ ಹೆಸರುಗಳಲ್ಲೇ ಕನ್ನಡನಾಡಿನ ಊರು ಇದೆ.

ಮಡಗಾಂವ್‌ನಿಂದ ಸಂಜೆಯ ರೈಲು ಹಿಡಿಯುವವರಿಗೆ ದಾರಿಯಲ್ಲೂ ಅದರ ಆಸುಪಾಸಿನಲ್ಲೂ ಎರಡು ಹಳೆಯ ರಾಜಧಾನಿಗಳು ಸಿಗುತ್ತವೆ. ಬಾಂಬೋಳಿ ದಾಟಿ ಜುವಾರಿ ಸೇತುವೆಗೆ ಮುನ್ನ ಸಿಗುವ ಗೋವಾ ವೆಲ್ಹಾ, ಹನ್ನೊಂದನೇ ಶತಮಾನದಲ್ಲಿ ಕದಂಬರ ಒಂದನೇ ಜಯಕೇಶಿ ರಾಜಧಾನಿ ಮಾಡಿಕೊಂಡ ಗೋಪಕಪಟ್ಟಣ. ಅರಬ್ ನಾಡುಗಳೊಡನೆ ವ್ಯಾಪಾರವಿದ್ದ ಆ ಬಂದರಿನ ಜಂಬಿಟ್ಟಿಗೆ ಕಟ್ಟೆಯ ಅವಶೇಷಗಳನ್ನು ಇದೇ ಸಮುದ್ರವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ನದಿಯ ಅಂಚಿನಲ್ಲಿ ಅಧ್ಯಯನ ಮಾಡಿದ್ದಾರೆ. ಅದಕ್ಕೂ ಹಿಂದಿನ ರಾಜಧಾನಿ ಚಂದ್ರಪುರ ಇಂದಿನ ಚಾಂದೋರ್, ಮಡಗಾಂವ್‌ನಿಂದ ಹತ್ತು ಕಿಲೋಮೀಟರಿನ ಆಸುಪಾಸು. ಮುಂಬಯಿಯ ಫಾದರ್ ಹೆನ್ರಿ ಹೆರಾಸ್ 1929ರಲ್ಲಿ ಉತ್ಖನನ ನಡೆಸಿದ ದೇವಾಲಯದ ತಳಪಾಯವೂ ತಲೆಯಿಲ್ಲದ ನಂದಿಯೂ ಅಲ್ಲಿವೆ. ಲಗೇಜನ್ನು ಮಡಗಾಂವ್ ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು, ಒಬ್ಬ ಪೈಲಟ್‌ನನ್ನು ಹೋಗಿಬರುವ ಬಾಡಿಗೆಗೆ ಒಪ್ಪಿಸಿದರೆ ಎರಡು ಗಂಟೆಯೊಳಗೆ ಚಾಂದೋರ್ ನೋಡಿ ಮರಳಬಹುದು.